ಒಂದೇ ಚಕ್ರದ ಬೇರಿಂಗ್ ಮತ್ತೆ ಮತ್ತೆ ಹೋಗುತ್ತಿದ್ದರೆ

ಸರಿಯಾಗಿ ಕೂತ ವೀಲ್ ಬೇರಿಂಗ್ ಲಕ್ಷ ಕಿಲೋಮೀಟರ್ ಬಂದರೂ ಆಶ್ಚರ್ಯವಿಲ್ಲ. ಅದು ಐದಾರು ಸಾವಿರಕ್ಕೇ ಗುಂಯ್‌ಗುಡಲು ಶುರು ಮಾಡಿತು, ಹೊಸದು ಹಾಕಿದ ಮೇಲೆ ಅದೇ ಚಕ್ರದಲ್ಲಿ ಮತ್ತೆ ಸದ್ದು ಬಂತು ಎಂದರೆ ಮೂರನೆಯದನ್ನು ತರುವ ಮೊದಲು ಎರಡನೆಯದನ್ನು ಬಿಚ್ಚಿ ನೋಡಿ. ಡೂಪ್ಲಿಕೇಟ್ ಮಾಲು ಎಂದು ಬೈದು ಗುಜರಿಗೆ ಎಸೆದರೆ ಕೈಯಲ್ಲಿದ್ದ ಒಂದೇ ಸಾಕ್ಷಿಯೂ ಹೋಯಿತು.

ಅದಕ್ಕೂ ಮೊದಲು, ಸದ್ದು ಬೇರಿಂಗ್‌ನದ್ದೇ ಹೌದೋ ಅಲ್ಲವೋ? ಏರುತಗ್ಗಾಗಿ ಸವೆದ ಟೈರ್ ಕೂಡ ಅದೇ ರಾಗ ಹಾಡುತ್ತದೆ. ಟೈರ್‌ಗಳನ್ನು ಹಿಂದಕ್ಕೂ ಮುಂದಕ್ಕೂ ಅದಲುಬದಲು ಮಾಡಿ. ಸದ್ದೂ ಜಾಗ ಬದಲಿಸಿದರೆ ಬೇರಿಂಗ್ ಮುಟ್ಟುವ ಕೆಲಸವೇ ಇಲ್ಲ. ವೇಗದಲ್ಲಿ ಗಾಡಿಯನ್ನು ಸ್ವಲ್ಪ ಎಡಕ್ಕೆ ಎಳೆದಾಗ ಭಾರ ಬಲಕ್ಕೆ ಹೋಗುತ್ತದೆ, ಆಗ ಸದ್ದು ಹೆಚ್ಚಾದರೆ ಅನುಮಾನ ಬಲಗಡೆಯದರ ಮೇಲೆ. ಆದರೆ ಎರಡು ಸಾಲು ಗುಂಡುಗಳ ಬೇರಿಂಗ್‌ಗಳಲ್ಲಿ ಇದು ಕೆಲವೊಮ್ಮೆ ಉಲ್ಟಾ ಹೊಡೆಯುತ್ತದೆ. ಜಾಕ್ ಹಾಕಿ, ಸ್ಟ್ಯಾಂಡ್ ಕೊಟ್ಟು, ಒಂದು ಕೈಯಿಂದ ಚಕ್ರ ತಿರುಗಿಸುತ್ತಾ ಇನ್ನೊಂದು ಕೈಯನ್ನು ಸಸ್ಪೆನ್ಷನ್ ಸ್ಪ್ರಿಂಗ್ ಮೇಲಿಡಿ. ಕೆಟ್ಟ ಬೇರಿಂಗ್ ಇದ್ದರೆ ಮರಳು ಅರೆದಂಥ ನಡುಕ ಬೆರಳಿಗೆ ಗೊತ್ತಾಗುತ್ತದೆ. ಇನ್ನು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಪ್ಲೇ (ಸಡಿಲಾಟ) ಸಿಕ್ಕಿತೆನ್ನಿ, ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಬ್ರೇಕ್ ಒತ್ತಿದಾಗ ಪ್ಲೇ ಮಾಯವಾದರೆ ಬೇರಿಂಗ್, ಹಾಗೇ ಉಳಿದರೆ ಸಸ್ಪೆನ್ಷನ್‌ನ ಬಾಲ್ ಜಾಯಿಂಟ್ ನೋಡಿ.

ಈಗ ಸತ್ತ ಬೇರಿಂಗ್. ಸೀಲ್ ಕಿತ್ತು, ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ರೇಸ್‌ನ (ಗುಂಡುಗಳ ಒಳಗೂ ಹೊರಗೂ ಇರುವ ಉಕ್ಕಿನ ಬಳೆ) ಮೇಲೆ ಗುಂಡುಗಳು ಉರುಳುವ ದಾರಿಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ತೊಳೆಯುವ ಮೊದಲು ಗ್ರೀಸ್‌ನ ಬಣ್ಣ ನೋಡಿಟ್ಟುಕೊಳ್ಳಿ: ಹಾಲು ಬೆರೆಸಿದಂತಿದ್ದು ಅಲ್ಲಲ್ಲಿ ತುಕ್ಕಿದ್ದರೆ ನೀರು ನುಗ್ಗಿದೆ. ಉಕ್ಕು ನೀಲಿಗಟ್ಟಿದ್ದರೆ ಅತಿಯಾದ ಬಿಸಿ. ಬಿಡದೆ ಕಚ್ಚಿಕೊಂಡಿರುವ ಬ್ರೇಕ್ ಕ್ಯಾಲಿಪರ್ ಇದೆಯೇ ನೋಡಿ. ಹೊರ ರೇಸ್‌ನ ಹೊರಮೈ ಕನ್ನಡಿಯಂತೆ ಉಜ್ಜಿಹೋಗಿದ್ದರೆ ಬೇರಿಂಗ್ ತಾನು ಕೂರುವ ನಕಲ್‌ನೊಳಗೇ (ಸಸ್ಪೆನ್ಷನ್‌ಗೆ ಸೇರಿದ ಲೋಹದ ಭಾಗ) ತಿರುಗುತ್ತಿತ್ತು ಎಂದರ್ಥ. ದಾರಿಯ ಉದ್ದಕ್ಕೂ ಒತ್ತೊತ್ತಾಗಿ ಅಡ್ಡ ಗೀರುಗಳಿದ್ದರೆ ಬೇರಿಂಗ್ ಮೂಲಕ ಕರೆಂಟ್ ಹರಿದಿದೆ. ಗಾಡಿಯ ಬಾಡಿಯನ್ನು ವೆಲ್ಡಿಂಗ್ ಮಾಡುವಾಗ ಅರ್ತ್ ಕ್ಲಾಂಪನ್ನು ಬ್ರೇಕ್ ಡಿಸ್ಕಿಗೆ ಸಿಕ್ಕಿಸುವವರೂ ಇದ್ದಾರೆ!

ಬೇಗ ಸತ್ತ ಬೇರಿಂಗ್‌ಗಳಲ್ಲಿ ಮೊದಲು ಹುಡುಕಬೇಕಾದ ಗುರುತು ಇನ್ನೊಂದು. ದಾರಿಯಲ್ಲಿ ಉಗುರು ಎಳೆಯಿರಿ. ಗುಂಡಿನಿಂದ ಗುಂಡಿಗೆ ಇರುವಷ್ಟೇ ಅಂತರದಲ್ಲಿ ಉಗುರು ಟಕ್ ಟಕ್ ಎಂದು ತಡೆದರೆ ಅವು ಗುಂಡುಗಳೇ ಒತ್ತಿದ ಕುಳಿಗಳು. ರಸ್ತೆಯ ದೊಡ್ಡ ಹೊಂಡಕ್ಕೆ ಚಕ್ರ ಬಡಿದರೂ ಹೀಗಾಗಬಹುದು, ಆದರೆ ಸುತ್ತಲೂ ಸಮನಾಗಿ ಕುಳಿಗಳಿದ್ದರೆ ತಪ್ಪು ನಡೆದದ್ದು ಬೇರಿಂಗ್ ಒತ್ತಿ ಕೂರಿಸುವ ಪ್ರೆಸ್ಸಿನ ಕೆಳಗೆ.

ನಿಯಮ ಇಷ್ಟೇ: ಬಿಗಿಯಾಗಿ ಕೂರಬೇಕಾದ ರೇಸ್ ಮೇಲೆ ಮಾತ್ರ ಒತ್ತಡ. ನಕಲ್‌ಗೆ ಬೇರಿಂಗ್ ಒತ್ತುವಾಗ ಹೊರ ರೇಸ್ ಮೇಲೆ. ಆಮೇಲೆ ಹಬ್ (ಚಕ್ರವನ್ನು ಬಿಗಿಯುವ ಭಾಗ) ಒತ್ತುವಾಗ ಕೆಳಗಿನಿಂದ ಒಳ ರೇಸ್‌ಗೆ ಆಧಾರ. ಎಡವಟ್ಟಾಗುವುದು ಈ ಎರಡನೇ ಹೆಜ್ಜೆಯಲ್ಲಿ. ನಕಲ್ ಅನ್ನು ಪ್ರೆಸ್ ಮೇಲೆ ಹಾಗೇ ಇಟ್ಟು ಮೇಲಿನಿಂದ ಹಬ್ ಒತ್ತಿದರೆ ಅಷ್ಟೂ ಟನ್ ಭಾರ ಒಳ ರೇಸ್‌ನಿಂದ ಗುಂಡುಗಳಿಗೆ, ಗುಂಡುಗಳಿಂದ ಹೊರ ರೇಸ್‌ಗೆ ಇಳಿಯುತ್ತದೆ. ಬೇರಿಂಗ್ ನುಣ್ಣಗೆ ತಿರುಗುತ್ತದೆ, ಅಂದು ಸದ್ದೂ ಇರುವುದಿಲ್ಲ. ಕುಳಿಗಳ ಅಂಚು ಚಕ್ಕೆ ಏಳಲು ಕೆಲವು ಸಾವಿರ ಕಿಲೋಮೀಟರ್ ಬೇಕು. ಸುತ್ತಿಗೆಯಿಂದ ಬಡಿದು ಕೂರಿಸಿದ್ದಾದರೆ ಹೇಳುವುದೇ ಬೇಡ.

ಒತ್ತಡ ಕಡಿಮೆ ಬೇಕಾದರೆ ಬೇರಿಂಗನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ರಾತ್ರಿಯೆಲ್ಲ ಫ್ರೀಜರ್‌ನಲ್ಲಿಡಿ. 72 ಮಿ.ಮೀ. ಹೊರ ವ್ಯಾಸದ ಬೇರಿಂಗ್ 40 ಡಿಗ್ರಿ ತಣ್ಣಗಾದರೆ ಸುಮಾರು 0.035 ಮಿ.ಮೀ. ಕುಗ್ಗುತ್ತದೆ. ಕೇಳಲು ಪುಡಿಗಾಸು, ಆದರೆ ಈ ಬಿಗಿತಗಳ ಲೆಕ್ಕವೇ ನೂರರಲ್ಲಿ ಕೆಲವು ಪಾಲು ಮಿಲಿಮೀಟರ್‌ನದ್ದು. ನಕಲ್ ಬಿಸಿ ಮಾಡಬಹುದು, ಬೇರಿಂಗ್‌ಗೆ ಮಾತ್ರ ಬೆಂಕಿ ತೋರಿಸಬೇಡಿ. ಸೀಲ್ ಮತ್ತು ಗ್ರೀಸ್ ಅಲ್ಲೇ ಮುಗಿಯುತ್ತವೆ. ಎಬಿಎಸ್‌ಗಾಗಿ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಒಂದು ಸೀಲ್‌ನಲ್ಲೇ ಆಯಸ್ಕಾಂತದ ಪಟ್ಟಿ ಇರುವ ಬೇರಿಂಗ್‌ನಲ್ಲಿ ಆ ಬದಿ ಸೆನ್ಸರ್ ಕಡೆಗಿರಬೇಕು. ಸಾಮಾನ್ಯವಾಗಿ ಕಪ್ಪು ಅಥವಾ ಕಂದು ಬಣ್ಣದ ಬದಿ ಅದು. ತಿರುಗುಮುರುಗಾದರೆ ಎಬಿಎಸ್ ದೀಪ ಆರುವುದಿಲ್ಲ, ಮತ್ತೆ ಬಿಚ್ಚಿದರೆ ಆ ಬೇರಿಂಗ್ ಕೆಲಸಕ್ಕೆ ಬಾರದು.

ಪ್ರೆಸ್ ಕೆಲಸ ಸರಿಯಿದ್ದೂ ಬೇರಿಂಗ್ ಹೋಗುತ್ತಿದ್ದರೆ ಅದು ಕೂರುವ ಜಾಗ ನೋಡಿ. ಹೊಸ ಬೇರಿಂಗ್ ಕೈಯಲ್ಲಿ ತಳ್ಳಿದರೇ ನಕಲ್ ಒಳಗೆ ಹೋಗುತ್ತದೆಯೇ? ಹಾಗಿದ್ದರೆ ಅಳೆಯುವ ಅಗತ್ಯವೂ ಇಲ್ಲ, ನಕಲ್ ಬದಲಿಸಿ. ಲಾಕ್‌ಟೈಟ್ ಅಂಟು ಸವರಿ, ಸೆಂಟರ್ ಪಂಚಿನಿಂದ ಚುಕ್ಕೆ ಹೊಡೆದು ಬಿಗಿ ಮಾಡುವುದು ಮೂರನೇ ಬೇರಿಂಗ್‌ಗೆ ಮುಂಗಡ ಕೊಟ್ಟಂತೆ. ಬೋರ್ ಗೇಜ್ ಇದ್ದರೆ ಮೂರು ದಿಕ್ಕಿನಲ್ಲಿ, ಎರಡು ಆಳದಲ್ಲಿ ಅಳತೆ ತೆಗೆಯಿರಿ. ಅಂಡಾಕಾರಕ್ಕೆ ಹಿಗ್ಗಿದ್ದರೆ ಆಗ ಗೊತ್ತಾಗುತ್ತದೆ.

ಹಬ್‌ನದ್ದು ಬೇರೆ ಕಥೆ. ಹಳೇ ಒಳ ರೇಸ್‌ನ ಅರ್ಧ ಭಾಗ ಹಬ್‌ಗೇ ಕಚ್ಚಿಕೊಂಡು ಬರುತ್ತದೆ. ಅದನ್ನು ಗ್ರೈಂಡರ್‌ನಿಂದ ಕತ್ತರಿಸುವಾಗ ಹಬ್‌ಗೇ ಗಾಯವಾದರೆ, ಹೊಸ ರೇಸ್ ಅಲ್ಲಿ ನೇರ ಕೂರದು. ಅರ್ಧ ಮಿಲಿಮೀಟರ್ ಉಳಿಯುವಂತೆ ಕೊರೆದು, ಉಳಿದದ್ದನ್ನು ಉಳಿಯಿಂದ ಸೀಳಬೇಕು. ಡಯಲ್ ಗೇಜನ್ನು ಹಬ್‌ನ ಮುಖಕ್ಕೆ ಹಿಡಿದು ಒಂದು ಸುತ್ತು ತಿರುಗಿಸಿ, ಮುಳ್ಳು 0.05 ಮಿ.ಮೀ. ದಾಟಿ ಓಲಾಡಿದರೆ ಹಬ್ ಬಾಗಿರುವ ಅನುಮಾನ, ನಿಮ್ಮ ಗಾಡಿಯ ಮ್ಯಾನುಯಲ್ ಹೇಳುವ ಮಿತಿಗೆ ಹೋಲಿಸಿ. ನನ್ನ ಮಟ್ಟಿಗೆ ಎರಡನೇ ಸಲ ಹೋದ ಚಕ್ರಕ್ಕೆ ಹಬ್ಬನ್ನೂ ಹೊಸದೇ ಹಾಕುವುದು ಲೇಸು.

ಹಬ್‌ನ ನಡುವಿನ ದೊಡ್ಡ ಆಕ್ಸಲ್ ನಟ್ ಅನ್ನು ಬರೀ ನಟ್ ಎಂದು ನೋಡುವವರೇ ಹೆಚ್ಚು. ಎರಡು ಭಾಗದ ಒಳ ರೇಸನ್ನು ಜೋಡಿಸಿ ಹಿಡಿದು, ಗುಂಡುಗಳ ಮೇಲೆ ಲೆಕ್ಕದಷ್ಟೇ ಒತ್ತಡ ಇರಿಸುವುದು ಅದೇ. ಅನೇಕ ಕಾರುಗಳಲ್ಲಿ ಟಾರ್ಕ್ 180ರಿಂದ 300 ನ್ಯೂಟನ್ ಮೀಟರ್‌ವರೆಗೆ ಇರುತ್ತದೆ, ಕೆಲವಕ್ಕೆ ಟಾರ್ಕ್ ಆದ ಮೇಲೆ ಇಷ್ಟು ಡಿಗ್ರಿ ಎಂದೂ ಇರುತ್ತದೆ. ಗಾಡಿಯ ಮ್ಯಾನುಯಲ್ ಹೇಳಿದ್ದೇ ಅಂತಿಮ. ಏರ್ ಗನ್ನಿನಿಂದ ಬಿಗಿದರೆ ಎಷ್ಟಾಯಿತೆಂದು ಯಾರಿಗೂ ಗೊತ್ತಿರದು. ಬಿಗಿಯುವ ಮೊದಲೇ ಗಾಡಿಯನ್ನು ನೆಲಕ್ಕಿಳಿಸಿ ಚಕ್ರದ ಮೇಲೆ ಭಾರ ಹಾಕುವುದು ಇನ್ನೊಂದು ಚಾಳಿ. ಸಡಿಲ ರೇಸ್‌ಗಳ ನಡುವೆ ಗುಂಡುಗಳು ಓರೆಯಾಗಿ ಒತ್ತಿ ಆ ಕ್ಷಣದಲ್ಲೇ ಪೆಟ್ಟು ಬೀಳುತ್ತದೆ. ಡ್ರೈವ್ ಶಾಫ್ಟ್ ತೆಗೆದ ಗಾಡಿಯನ್ನು ನಾಲ್ಕು ಅಡಿ ತಳ್ಳಿದರೂ ಅಷ್ಟೇ. ಚಕ್ರ ಮೇಲಿರುವಾಗಲೇ ಬ್ರೇಕ್ ಒತ್ತಿಸಿ ಟಾರ್ಕ್ ರೆಂಚ್‌ನಿಂದ ಬಿಗಿಯಿರಿ. ನಟ್ ಪ್ರತಿಸಲವೂ ಹೊಸದು.

ನಾಲ್ಕು ಬೋಲ್ಟಿನಲ್ಲಿ ಇಡೀ ಹಬ್ ಸಮೇತ ಕೂರುವ ಬೇರಿಂಗ್‌ಗೆ ಪ್ರೆಸ್ಸಿನ ಗೋಜಿಲ್ಲ. ಕೂರುವ ಮುಖದ ತುಕ್ಕನ್ನು ವೈರ್ ಬ್ರಷ್‌ನಿಂದ ಪೂರ್ತಿ ತೆಗೆಯಿರಿ, ತುಕ್ಕಿನ ಪದರದ ಮೇಲೆ ಬಿಗಿದರೆ ಬೇರಿಂಗ್ ಓರೆ ಕೂರುತ್ತದೆ.

ಇದೆಲ್ಲ ಸರಿಯಿದ್ದರೆ ಚಕ್ರವನ್ನೇ ನೋಡಿ. ಇಟಿ (ಚಕ್ರದ ನಡುಗೆರೆಗೂ ಅದು ಹಬ್‌ಗೆ ಕೂರುವ ಮುಖಕ್ಕೂ ಇರುವ ದೂರ, ಮಿ.ಮೀ. ಲೆಕ್ಕದಲ್ಲಿ) 45 ಇದ್ದ ಜಾಗಕ್ಕೆ ಅಷ್ಟೇ ಅಗಲದ ಇಟಿ 25 ಅಲಾಯ್ ಹಾಕಿದರೆ ಚಕ್ರದ ನಡುಗೆರೆ 20 ಮಿ.ಮೀ. ಹೊರಗೆ ಸರಿಯುತ್ತದೆ. 350 ಕೆ.ಜಿ. ಹೊತ್ತ ಚಕ್ರದಲ್ಲಿ ಇದು ಸುಮಾರು 70 ನ್ಯೂಟನ್ ಮೀಟರ್‌ನ ಹೆಚ್ಚುವರಿ ತಿರುಚು, ಅದೂ ಗಾಡಿ ನಿಂತಿರುವಾಗ. ಹಬ್‌ಗೂ ಚಕ್ರಕ್ಕೂ ನಡುವೆ ಸ್ಪೇಸರ್ ಹಾಕಿದರೂ ಇದೇ ಲೆಕ್ಕ. ನೀರಿನದೂ ಹೀಗೇ: ಓಡಿ ಬಿಸಿಯಾದ ಹಬ್ ನೀರಿಗಿಳಿದರೆ ಒಳಗಿನ ಗಾಳಿ ತಣಿದು ಕುಗ್ಗಿ, ಸೀಲ್‌ನ ತುಟಿಯಿಂದ ನೀರನ್ನು ಹೀರಿಕೊಳ್ಳುತ್ತದೆ. ಪ್ರೆಷರ್ ವಾಷರ್‌ನ ನಳಿಕೆಯನ್ನು ಹಬ್‌ನ ನಡುವಿಗೆ ಹಿಡಿದರೂ ಸೀಲ್ ದಾಟಿ ನೀರು ಹೋಗುತ್ತದೆ.

ಕೆಲಸ ಮುಗಿದ ಮೇಲೆ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ, ಕೊನೆಗೆ ಬ್ರೇಕ್ ಹೆಚ್ಚು ಬಳಸದೆ ನಿಲ್ಲಿಸಿ. ಎಡ ಹಬ್, ಬಲ ಹಬ್ ಎರಡರ ಹತ್ತಿರವೂ ಅಂಗೈ ಹಿಡಿದು ನೋಡಿ. ಹೊಸ ಬೇರಿಂಗ್‌ನ ಕಡೆ ಎದ್ದು ಕಾಣುವಷ್ಟು ಬಿಸಿಯಿದ್ದರೆ ಮೊದಲು ಕ್ಯಾಲಿಪರ್ ಪಿನ್ ಬಿಚ್ಚಿ, ಆಮೇಲೆ ನಟ್‌ನ ಟಾರ್ಕ್.