ಹಳೇ ಟ್ವೀಡ್ ಡಿಲಕ್ಸ್ ರಿಪೇರಿ ಶುರು

ಕೊನೆಗೂ ಒಂದು ಫೆಂಡರ್ ಕಂಪನಿಯ ಟ್ವೀಡ್ ಡಿಲಕ್ಸ್ ಗಿಟಾರ್ ಆಂಪ್ (ಆಂಪ್ಲಿಫೈಯರ್) ಸಿಕ್ತು ಕಣ್ರೀ! 1950ರ ದಶಕದ 5ಇ3 ಅನ್ನೋ ಸರ್ಕ್ಯೂಟ್, ಸ್ಪೀಕರ್‌ಗೆ ಪವರ್ ಕೊಡೋಕೆ ಎರಡು 6ವಿ6 ಟ್ಯೂಬ್, ಎಸಿನ ಡಿಸಿ ಮಾಡೋಕೆ ಒಂದು 5ವೈ3 ರೆಕ್ಟಿಫೈಯರ್ ಟ್ಯೂಬ್. ಸುಮಾರು 12 ವ್ಯಾಟ್ ಅಷ್ಟೇ, ಆದ್ರೆ ವಾಲ್ಯೂಮ್ ಏರಿಸಿದ್ರೆ ಗಂಟಲು ಬಿಚ್ಚಿ ಹಾಡುತ್ತೆ.

ಇಂಥದ್ದು ಕೈಗೆ ಬಂದ ತಕ್ಷಣ ದಯವಿಟ್ಟು ಪ್ಲಗ್ ಹಾಕ್ಬೇಡಿ. ಡಿಸಿ ಏರಿಳಿತ ಸಮ ಮಾಡೋ ಫಿಲ್ಟರ್ ಕೆಪಾಸಿಟರ್ ಒಳಗಿನ ಎಲೆಕ್ಟ್ರೋಲೈಟ್ ದ್ರಾವಣ ಇಷ್ಟು ವರ್ಷಕ್ಕೆ ಒಣಗೋಗಿರುತ್ತೆ, ಹಂಗೇ ಆನ್ ಮಾಡಿದ್ರೆ ಶಾರ್ಟ್ ಆಗಿ ರೆಕ್ಟಿಫೈಯರ್ ಜೊತೆ ಪವರ್ ಟ್ರಾನ್ಸ್‌ಫಾರ್ಮರ್ರೂ ಸುಟ್ಟೋಗ್ಬೋದು, ಒರಿಜಿನಲ್ ಟ್ರಾನ್ಸ್‌ಫಾರ್ಮರ್ ಹೋದ್ರೆ ಆಂಪ್‌ನ ಅರ್ಧ ಜೀವ ಹೋದಂಗೆ. ಇನ್ನೊಂದು, ಆಫ್ ಮಾಡಿದ್ಮೇಲೂ ಒಳಗೆ 300 ವೋಲ್ಟ್‌ಗಿಂತ ಜಾಸ್ತಿ ಚಾರ್ಜ್ ಉಳಿದಿರ್ಬೋದು, ರೆಸಿಸ್ಟರ್ ಮೂಲಕ ಡಿಸ್ಚಾರ್ಜ್ ಮಾಡಿ ಮೀಟರ್ ಸೊನ್ನೆ ತೋರ್ಸೋವರೆಗೂ ಕೈ ಹಾಕ್ಲೇಬೇಡಿ.

ಫಿಲ್ಟರ್ ಕೆಪಾಸಿಟರ್ ಎಲ್ಲಾ ಹೊಸದು ಹಾಕ್ದೆ, ಎರಡು ಪಿನ್ ವೈರ್ ತೆಗ್ದು ಅರ್ಥಿಂಗ್ ಇರೋ ಮೂರು ಪಿನ್ ವೈರ್ ಕೊಟ್ಟೆ. ಆದ್ರೆ ಸಿಕ್ಕಿದ್ದೆಲ್ಲಾ ಕಿತ್ತಾಕೋದು ನಂಗೆ ಒಪ್ಪಿಗೆ ಇಲ್ಲ, ಡಿಸಿ ತಡೆದು ಸಿಗ್ನಲ್ ಮಾತ್ರ ಮುಂದಕ್ಕೆ ಬಿಡೋ ಕಪ್ಲಿಂಗ್ ಕೆಪಾಸಿಟರ್‌ಗಳಲ್ಲಿ 6ವಿ6 ಗ್ರಿಡ್‌ಗೆ (ಟ್ಯೂಬಿನ ಸಿಗ್ನಲ್ ಇನ್‌ಪುಟ್) ಡಿಸಿ ಲೀಕ್ ಮಾಡ್ತಿದ್ದದ್ದನ್ನ ಮಾತ್ರ ಬದಲಾಯಿಸ್ದೆ. ಕಾರ್ಬನ್ ರೆಸಿಸ್ಟರ್‌ಗಳ ಓಮ್ ವ್ಯಾಲ್ಯೂ ಸ್ವಲ್ಪ ಮೇಲಕ್ಕೆ ಹೋಗಿದೆ, ಕರಕರ ಸದ್ದು ಮಾಡ್ತಿಲ್ಲ ಅಂದ್ಮೇಲೆ ಇರ್ಲಿ ಬಿಡಿ, ಆ ದನಿಯಲ್ಲಿ ಅವುಗಳ ಪಾಲೂ ಇದೆ. ತೆಗ್ದಿರೋ ಪಾರ್ಟ್ಸ್ ಎಲ್ಲಾ ಹೆಸ್ರು ಬರ್ದು ಕವರಲ್ಲಿ ಇಟ್ಟಿದೀನಿ, ಮುಂದೆ ಆಂಪ್ ಯಾರ ಹತ್ರ ಹೋದ್ರೂ ಜೊತೆಗೇ ಹೋಗ್ಲಿ.

ಕರೆಂಟ್ ಜಾಸ್ತಿ ಹರೀದೇ ಇರ್ಲಿ ಅಂತ ಆಂಪ್ ಜೊತೆ ಸೀರೀಸಲ್ಲಿ ಬಲ್ಬ್ ಹಾಕಿ ಆನ್ ಮಾಡ್ದಾಗ ಬಲ್ಬ್ ಒಂದ್ಸಲ ಜೋರಾಗಿ ಹೊತ್ತಿ ಮಂಕಾಯ್ತು, ಅಂದ್ರೆ ಎಲ್ಲೂ ಶಾರ್ಟ್ ಇಲ್ಲ! ಸ್ಪೀಕರ್ ಕೋನ್ ಅಂಚಲ್ಲಿ ಸಣ್ಣ ಹರುಕಿದೆ, ತೆಳು ಟಿಶ್ಯೂ ಪೇಪರ್, ಗಮ್ ಹಚ್ಚಿ ಅದನ್ನ ಸರಿ ಮಾಡೋದೇ ಮುಂದಿನ ಕೆಲ್ಸ.