ಟಿಕ್ ನೋಡಿ ಹಾಕಿದ ಟಿಕ್

ನಮ್ಮ ಐಸಿಯುವಿನ ಮೂಲೆಯಲ್ಲಿ ಒಂದು ಕೆಂಪು ಗಾಡಿ ಇದೆ. ಕ್ರ್ಯಾಶ್ ಕಾರ್ಟ್ ಅಂತ ಹೆಸರು. ಯಾರದಾದರೂ ಹೃದಯ ನಿಂತರೆ ಅದನ್ನು ಎಳೆದುಕೊಂಡು ಓಡಬೇಕು. ಮೇಲ್ಗಡೆ ಶಾಕ್ ಕೊಡುವ ಡಿಫಿಬ್ರಿಲೇಟರ್. ಮೊದಲ ಡ್ರಾಯರಿನಲ್ಲಿ ಅಡ್ರಿನಲಿನ್, ಅಮಿಯೋಡರೋನ್ ಮುಂತಾದ ಔಷಧಿ. ಕೆಳಗಿನದರಲ್ಲಿ ಉಸಿರಿನ ಟ್ಯೂಬುಗಳು, ಕೈಯಿಂದ ಒತ್ತಿ ಗಾಳಿ ತುಂಬುವ ಅಂಬು ಬ್ಯಾಗ್, ಲಾರಿಂಗೋಸ್ಕೋಪ್. ಗಾಡಿ ಎಷ್ಟೋ ದಿನ ಸುಮ್ನೆ ನಿಂತಿರುತ್ತದೆ. ಆದರೂ ಪ್ರತಿ ಶಿಫ್ಟಿನಲ್ಲಿ ಒಬ್ಬರು ಅದನ್ನು ಪರೀಕ್ಷೆ ಮಾಡಿ, ರಿಜಿಸ್ಟರಿನಲ್ಲಿ ಒಂದೊಂದಕ್ಕೂ ಟಿಕ್ ಹಾಕಿ ಸಹಿ ಮಾಡಬೇಕು.

ಹನ್ನೆರಡು ವರ್ಷದ ನರ್ಸ್ ಕೆಲಸದಲ್ಲಿ ಅಂಥ ಟಿಕ್‌ಗಳನ್ನು ಎಷ್ಟು ಸಾವಿರ ಹಾಕಿದ್ದೇನೋ. ಅದರಲ್ಲಿ ಒಂದರ ಕಥೆ ಇದು.

ರಾತ್ರಿ ಪಾಳಿ. ಮೂರು ಗಂಟೆ ದಾಟಿತ್ತು. ಆರನೇ ಬೆಡ್ಡಿನ ಮಾನಿಟರ್ ಕೂಗಿಕೊಂಡಿತು. ನೋಡಿದರೆ ನಾಡಿ ಇಲ್ಲ. ಒಬ್ಬಳು ಎದೆ ಒತ್ತಲು ಶುರು ಮಾಡಿದಳು. ನಿಮಿಷಕ್ಕೆ 100ರಿಂದ 120 ಸಲ, ಕಡಿಮೆಯೆಂದರೂ 5 ಸೆಂಟಿಮೀಟರ್ ಆಳ ಹೋಗಬೇಕು. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು. ಕೈ ಸೋತು ಒತ್ತುವುದು ಮೇಲುಮೇಲಾದರೂ ಒತ್ತುವವರಿಗೆ ಅದು ಗೊತ್ತಾಗುವುದಿಲ್ಲ, ಅದಕ್ಕೇ ಆ ನಿಯಮ. ನಾನು ಗಾಡಿ ಎಳೆದು ತಂದೆ. ಅಡ್ರಿನಲಿನ್ ಕೊಟ್ಟೆವು. ಡಾಕ್ಟರ್ ತಲೆಯ ಕಡೆ ನಿಂತು ಕೈ ಚಾಚಿದರು. ಲಾರಿಂಗೋಸ್ಕೋಪ್ ಕೊಟ್ಟೆ.

ಅದನ್ನು ನೋಡದವರಿಗೆ ಹೇಳಬೇಕು. ಅದೊಂದು ಪುಟ್ಟ ಟಾರ್ಚ್ ಇದ್ದ ಹಾಗೆ. ಹಿಡಿಯೊಳಗೆ ಬ್ಯಾಟರಿ, ಹಿಡಿಗೆ ಸಿಕ್ಕಿಸುವ ಬಾಗಿದ ಬ್ಲೇಡ್, ಬ್ಲೇಡಿನಲ್ಲಿ ಕಾಳಿನಷ್ಟು ಬಲ್ಬ್. ಸಿಕ್ಕಿಸಿ ಮೇಲಕ್ಕೆತ್ತಿದರೆ ಬಲ್ಬ್ ಹತ್ತುತ್ತದೆ. ನಾಲಿಗೆಯನ್ನು ಪಕ್ಕಕ್ಕೆ ಸರಿಸಿ, ಆ ಬೆಳಕಿನಲ್ಲಿ ಗಂಟಲೊಳಗೆ ದಾರಿ ನೋಡಿಕೊಂಡು ಟ್ಯೂಬ್ ಇಳಿಸುತ್ತಾರೆ.

ಡಾಕ್ಟರ್ ಬ್ಲೇಡ್ ಎತ್ತಿದರು. ಹತ್ತಲಿಲ್ಲ. ಮಡಚಿ ಮತ್ತೆ ಎತ್ತಿದರು. ಬಲ್ಬ್ ತಿರುಗಿಸಿ ಬಿಗಿ ಮಾಡಿದರು. ಇಲ್ಲ. ನನ್ನ ಮುಖ ನೋಡಿದರು. ಬೈಯಲಿಲ್ಲ, ಬೈಯುವುದಕ್ಕೆ ಟೈಮ್ ಇರಲಿಲ್ಲ. ಅಂಬು ಬ್ಯಾಗಿನಿಂದ ಗಾಳಿ ಕೊಡುತ್ತಾ, "ಪಕ್ಕದ ವಾರ್ಡಿಂದ ತನ್ನಿ ಸಿಸ್ಟರ್, ಬೇಗ" ಅಂದರು. ಓಡಿದೆ. ಹೋಗಿ ಬರಲು ಎರಡು ನಿಮಿಷ ಹಿಡಿದಿರಬಹುದು. ಅಷ್ಟು ಉದ್ದದ ಕಾರಿಡಾರನ್ನು ನಾನು ಇನ್ನೊಮ್ಮೆ ನೋಡಿಲ್ಲ.

ಆ ರೋಗಿ ಉಳಿದರು. ಬ್ಯಾಗಿನಿಂದ ಗಾಳಿ ಹೋಗುತ್ತಿದ್ದದ್ದು, ಎದೆ ಒತ್ತುವುದನ್ನು ನಿಲ್ಲಿಸದೆ ಇದ್ದದ್ದು ಕಾಪಾಡಿತು. ಆದರೆ ಬೆಳಿಗ್ಗೆ ಹಿಡಿ ಬಿಚ್ಚಿ ನೋಡಿದರೆ ಒಳಗೆ ಬ್ಯಾಟರಿ ಸೋರಿ ಬಿಳಿ ಪುಡಿ ಕಟ್ಟಿತ್ತು. ಒಂದು ರಾತ್ರಿಯಲ್ಲಿ ಆಗುವ ಕೆಲಸ ಅಲ್ಲ ಅದು. ರಿಜಿಸ್ಟರ್ ತೆಗೆದರೆ, "ಲಾರಿಂಗೋಸ್ಕೋಪ್, ಲೈಟ್ ಸರಿ ಇದೆ" ಅನ್ನುವ ಸಾಲಿನಲ್ಲಿ ಹಿಂದಿನ ರಾತ್ರಿ ಎಂಟು ಗಂಟೆಗೆ ನನ್ನ ಟಿಕ್, ನನ್ನ ಸಹಿ. ಅದರ ಮೇಲೆ ಇನ್ನೊಬ್ಬರದು. ಅದರ ಮೇಲೆ ಮತ್ತೊಬ್ಬರದು. ಎಲ್ಲ ಚೆನ್ನಾಗಿ, ನೆಟ್ಟಗೆ, ಒಂದೇ ಗೆರೆ ಎಳೆದ ಹಾಗೆ.

ಇನ್‌ಚಾರ್ಜ್ ಸಿಸ್ಟರ್ ನನ್ನನ್ನು ಕರೆದು ಒಂದೇ ಪ್ರಶ್ನೆ ಕೇಳಿದರು. "ನೀನು ಲೈಟ್ ನೋಡಿ ಟಿಕ್ ಹಾಕಿದ್ಯಾ, ಇಲ್ಲಾ ಹಿಂದಿನ ಟಿಕ್ ನೋಡಿ ಟಿಕ್ ಹಾಕಿದ್ಯಾ?"

ಮೆಮೋ ಬಂತು, ಉತ್ತರ ಬರೆದುಕೊಟ್ಟೆ, ಅದು ಅಲ್ಲಿಗೆ ಮುಗಿಯಿತು. ಆ ಪ್ರಶ್ನೆ ಮಾತ್ರ ಮನೆಗೂ ಬಂತು, ಭಾನುವಾರ ಆರಾಧನೆಗೂ ಬಂತು.

ನಾನು ಕ್ರೈಸ್ತ ಮನೆಯಲ್ಲಿ ಹುಟ್ಟಿದವಳು. ಊಟಕ್ಕೆ ಮುಂಚೆ ಪ್ರಾರ್ಥನೆ, ಮಲಗುವ ಮುಂಚೆ ಪ್ರಾರ್ಥನೆ, ಕೆಲಸಕ್ಕೆ ಹೊರಡುವಾಗ ಬಾಗಿಲ ಹತ್ತಿರ ಒಂದು ಪ್ರಾರ್ಥನೆ. ಯಾವುದನ್ನೂ ಬಿಟ್ಟಿರಲಿಲ್ಲ. ಆದರೆ ಅವತ್ತಿನಿಂದ ಗಮನಿಸಿದೆ: ಬಾಗಿಲ ಹತ್ತಿರ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನಾನು ಏನು ಹೇಳಿದೆ ಅನ್ನುವುದು ನನಗೇ ನೆನಪಿರುತ್ತಿರಲಿಲ್ಲ. ನಿನ್ನೆ ಮಾಡಿದ್ದೆ, ಆದ್ದರಿಂದ ಇವತ್ತೂ ಮಾಡಿದೆ. ಅಷ್ಟೇ. ಒಳಗಿನ ಬ್ಯಾಟರಿ ಯಾವಾಗ ಸೋರಲು ಶುರುವಾಯಿತೋ ಯಾರಿಗೆ ಗೊತ್ತು!

ಕ್ರೈಸ್ತರಿಗೆ ಇಂಥ ಹೊತ್ತಿನಲ್ಲಿ ನೆನಪಾಗುವುದು ಬೈಬಲಿನ ಮತ್ತಾಯ 25ನೇ ಅಧ್ಯಾಯ. ಯೇಸು ಹೇಳಿದ ಹತ್ತು ಮಂದಿ ಕನ್ಯೆಯರ ಸಾಮ್ಯ, ಅಂದರೆ ದೃಷ್ಟಾಂತ ಕಥೆ. ಮದಲಿಂಗನನ್ನು, ಅಂದರೆ ಮದುವೆ ಗಂಡನ್ನು, ಎದುರುಗೊಳ್ಳಲು ದೀಪ ಹಿಡಿದು ಹೊರಟವರು. ಮದಲಿಂಗ ಬರುವುದು ತಡವಾಗುತ್ತದೆ. ಐದು ಮಂದಿಯ ಹತ್ತಿರ ಬೇರೆ ಪಾತ್ರೆಯಲ್ಲಿ ಎಣ್ಣೆ ಇರುತ್ತದೆ, ಐದು ಮಂದಿಯ ಹತ್ತಿರ ಇರುವುದಿಲ್ಲ. ಅವರ ಕೈಯಲ್ಲಿದ್ದದ್ದು ಮನೆಯ ಮಣ್ಣಿನ ಹಣತೆಯಲ್ಲ, ಎಣ್ಣೆಯಲ್ಲಿ ನೆನೆಸಿದ ಬಟ್ಟೆ ಸುತ್ತಿದ ಪಂಜು ಎಂದು ಹೇಳುವವರೂ ಇದ್ದಾರೆ. ಪಂಜು ಆಗಿದ್ದರೆ ಎಣ್ಣೆ ಇನ್ನೂ ಬೇಗ ಮುಗಿಯುತ್ತದೆ, ಮತ್ತೆ ಮತ್ತೆ ಅದ್ದಬೇಕಾಗುತ್ತದೆ. ಜೊತೆಗೆ ಎಣ್ಣೆ ತರದೆ ಹೊರಟರೆ ದಡ್ಡತನ ಎದ್ದು ಕಾಣುತ್ತದೆ.

ಈ ಕಥೆಯಲ್ಲಿ ನನಗೆ ಚಿಕ್ಕಂದಿನಿಂದ ಒಂದು ತಕರಾರು ಇತ್ತು. ದೀಪ ಆರುತ್ತಾ ಬಂದಾಗ ಎಣ್ಣೆ ಇಲ್ಲದವರು ಕೇಳಿದರೂ ಬುದ್ಧಿವಂತೆಯರು ಯಾಕೆ ಕೊಡಲಿಲ್ಲ? "ನಮಗೂ ನಿಮಗೂ ಸಾಲದು, ಅಂಗಡಿಗೆ ಹೋಗಿ" ಅನ್ನುತ್ತಾರಲ್ಲ, ಇದು ಯಾವ ಕ್ರೈಸ್ತ ಪ್ರೀತಿ? ಪಕ್ಕದ ವಾರ್ಡಿನ ಸಿಸ್ಟರ್ ನನಗೆ ಮರು ಮಾತಿಲ್ಲದೆ ಕೊಟ್ಟಳಲ್ಲ!

ಆದರೆ ಆ ರಾತ್ರಿ ನಾನು ತಂದದ್ದು ಲಾರಿಂಗೋಸ್ಕೋಪ್ ಮಾತ್ರ. ಅದನ್ನು ಹಿಡಿದ ಕೈಯನ್ನು ಯಾವ ವಾರ್ಡಿನಿಂದಲೂ ಸಾಲ ತರಲು ಆಗುತ್ತಿರಲಿಲ್ಲ. ನೂರಾರು ಗಂಟಲು ನೋಡಿದ ಡಾಕ್ಟರ ಕೈ ಅದು. ಎದೆ ಒತ್ತಿದ ಹುಡುಗಿ ರಬ್ಬರ್ ಗೊಂಬೆಯ ಮೇಲೆ ಬೆವರು ಸುರಿಸಿ ಕಲಿತಿದ್ದಳು. ಹೃದಯ ನಿಂತ ಮೇಲೆ, "ಸ್ವಲ್ಪ ಹೇಳಿಕೊಡು" ಅಂತ ಯಾರನ್ನೂ ಕೇಳುವ ಹಾಗಿಲ್ಲ. ಬುದ್ಧಿವಂತೆಯರು ಜಿಪುಣರಾಗಿರಲಿಲ್ಲ ಅಂತ ಆಗ ಅನ್ನಿಸಿತು. ಅವರ ಹತ್ತಿರ ಇದ್ದದ್ದು ಸುರಿದು ಕೊಡಲು ಬರುವಂಥದ್ದಲ್ಲವೇನೋ.

ಇನ್ನೊಂದು ಸಾಲು ಎಷ್ಟು ಸಲ ಓದಿದ್ದರೂ ಕಣ್ಣಿಗೆ ಬಿದ್ದಿರಲಿಲ್ಲ. ಮದಲಿಂಗ ತಡಮಾಡಿದಾಗ ಹತ್ತೂ ಮಂದಿ ನಿದ್ದೆ ಹೋದರು. ಹತ್ತೂ ಮಂದಿ! ಬುದ್ಧಿವಂತೆಯರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿರಲಿಲ್ಲ. ಪಾತ್ರೆಗೆ ಎಣ್ಣೆ ಹಾಕಿಕೊಂಡು ಮಲಗಿದ್ದರು. ಪಾಳಿ ಕೆಲಸದವಳಿಗೆ ಇದು ಎಷ್ಟು ಸಮಾಧಾನ ಕೊಡುತ್ತದೆ ಗೊತ್ತಾ? ಯೇಸುವನ್ನು ಹಿಡಿದ ರಾತ್ರಿ ಗೆತ್ಸೇಮನೆ ತೋಟದಲ್ಲಿ ಅವರ ಶಿಷ್ಯರು ಮೂರು ಸಲ ನಿದ್ದೆ ಹೋದ ಕಥೆ ಓದುವಾಗಲೆಲ್ಲ ನನಗೆ ಅವರ ಮೇಲೆ ಕನಿಕರ. ನಡುರಾತ್ರಿ ದಾಟಿದ ಮೇಲೆ ರೆಪ್ಪೆ ಎಷ್ಟು ಭಾರ ಆಗುತ್ತದೆ ಅಂತ ನಮ್ಮನ್ನು ಕೇಳಿ.

ನಾನು ಬೆಳೆದದ್ದು ಬೇರೆ ಥರದ ಸಿದ್ಧತೆಯಲ್ಲಿ. ಕರ್ತನ ಬರೋಣದ ಬಗ್ಗೆ, ಅಂದರೆ ಯೇಸು ಮತ್ತೆ ಬಂದು ತನ್ನವರನ್ನು ಮೇಲಕ್ಕೆ ಕರೆದುಕೊಂಡು ಹೋಗುವುದರ ಬಗ್ಗೆ, ಎಷ್ಟು ಪ್ರಸಂಗ ಕೇಳಿದ್ದೆ ಅಂದರೆ, ಒಂದು ಸಂಜೆ ಶಾಲೆಯಿಂದ ಬಂದಾಗ ಮನೆಯಲ್ಲಿ ಯಾರೂ ಇಲ್ಲದ್ದು ನೋಡಿ ಎಲ್ಲರೂ ಮೇಲಕ್ಕೆ ಎತ್ತಲ್ಪಟ್ಟರು, ನಾನೊಬ್ಬಳೇ ಉಳಿದೆ ಅಂತ ಅತ್ತಿದ್ದೆ. ಅಮ್ಮ ಪಕ್ಕದ ಮನೆಯಲ್ಲಿ ಮಾತಾಡುತ್ತಾ ಕೂತಿದ್ದರು. ಈಗ ನಗು ಬರುತ್ತದೆ. ಆಗ ಒಂದು ವಾರ ತುಂಬಾ ಒಳ್ಳೆಯ ಹುಡುಗಿಯಾಗಿದ್ದೆ. ಆಮೇಲೆ ಭಯ ಇಳಿಯಿತು, ಒಳ್ಳೆಯತನವೂ ಇಳಿಯಿತು.

ಐಸಿಯುವಿನಲ್ಲಿ ಇದಕ್ಕೊಂದು ಹೆಸರಿದೆ, ಅಲಾರ್ಮ್ ಫಟೀಗ್. ಮಾನಿಟರುಗಳು ದಿನವಿಡೀ ಸಣ್ಣಪುಟ್ಟದ್ದಕ್ಕೆಲ್ಲ ಕೂಗುತ್ತವೆ. ಬೆರಳಿನ ಕ್ಲಿಪ್ ಜಾರಿದರೂ ಕೂಗು, ರೋಗಿ ಕೆಮ್ಮಿದರೂ ಕೂಗು. ಕೇಳಿ ಕೇಳಿ ಕಿವಿ ಅದನ್ನು ಬಿಟ್ಟುಬಿಡುತ್ತದೆ. ಕೊನೆಗೆ ನಿಜವಾದ ಕೂಗಿಗೂ ನಾವು ನಿಧಾನವಾಗಿ ತಲೆ ಎತ್ತುತ್ತೇವೆ. ಹೆದರಿಸಿಯೇ ಎಚ್ಚರ ಇಡುವ ಪ್ರಸಂಗಗಳಿಗೂ ಇದೇ ಗತಿ ಅನ್ನುವುದು ನನ್ನ ಅಭಿಪ್ರಾಯ. ನಮ್ಮ ಪಾಸ್ಟರ್‌ಗೆ ಇದನ್ನು ಹೇಳಿದೆ. ನಕ್ಕರು, ಒಪ್ಪಲಿಲ್ಲ.

ತಪಾಸಣೆಯ ಕಥೆ ಇನ್ನೂ ತಮಾಷೆ. ಹೊರಗಿನಿಂದ ತಂಡ ಬರುತ್ತದೆ ಅಂತ ದಿನಾಂಕ ಗೊತ್ತಾದ ಕೂಡಲೇ ಗಾಡಿ ಫಳಫಳ ಹೊಳೆಯುತ್ತದೆ. ಅವಧಿ ಮುಗಿದ ಔಷಧಿ ಒಂದೂ ಇರುವುದಿಲ್ಲ. ಆಕ್ಸಿಜನ್ ಸಿಲಿಂಡರ್ ಭರ್ತಿ. ತಂಡ ಹೋದ ಮೂರನೇ ವಾರಕ್ಕೆ ಎಲ್ಲ ಮೊದಲಿನ ಹಾಗೆ. ದಿನ ಗೊತ್ತಿದ್ದರೆ ಯಾರು ಬೇಕಾದರೂ ಸಿದ್ಧ ಇರುತ್ತಾರೆ. ಹೃದಯ ದಿನಾಂಕ ತಿಳಿಸಿ ನಿಲ್ಲುವುದಿಲ್ಲವಲ್ಲ.

ತಾನು ಮತ್ತೆ ಬರುವ ಆ ದಿನ, ಆ ಗಳಿಗೆ ಯಾರಿಗೂ ತಿಳಿಯದು ಅಂತ ಯೇಸು ಅಷ್ಟು ಸ್ಪಷ್ಟವಾಗಿ ಹೇಳಿದ್ದು ಮಾರ್ಕನ 13ನೇ ಅಧ್ಯಾಯದಲ್ಲಿದೆ. ಆದರೂ ಲೆಕ್ಕ ಹಾಕಿದವರಿಗೆ ಬರವಿಲ್ಲ. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಎಂಬ ಬೋಧಕರು ಬೈಬಲಿನ ದಾನಿಯೇಲನ ಪುಸ್ತಕ ಇಟ್ಟುಕೊಂಡು ವರ್ಷ ಲೆಕ್ಕ ಹಾಕಿದರು. ಅವರ ಹಿಂದೆ ಹೋದವರು ಕೊನೆಗೆ 1844ರ ಅಕ್ಟೋಬರ್ 22 ಅಂತ ದಿನವನ್ನೇ ಗೊತ್ತುಮಾಡಿದರು. ಕೆಲವು ರೈತರು ಬೆಳೆಯನ್ನು ಕೊಯ್ಯದೆ ಹೊಲದಲ್ಲೇ ಬಿಟ್ಟರು. 23ನೇ ತಾರೀಖು ಬೆಳಗಾಯಿತು, ಎಂದಿನಂತೆ. ಅವರ ನಂಬಿಕೆಯನ್ನು ಗೇಲಿ ಮಾಡುವ ಮನಸ್ಸು ನನಗಿಲ್ಲ. ಆ ಹೊಲಗಳನ್ನು ನೆನೆದರೆ ಮಾತ್ರ ಬೇಸರ. ಮಾರ್ಕನ ಅದೇ ಅಧ್ಯಾಯದ ಕೊನೆಯಲ್ಲಿ ಮನೆ ಯಜಮಾನ ಊರಿಗೆ ಹೋಗುವಾಗ ಆಳುಗಳಿಗೆಲ್ಲ ಅವರವರ ಕೆಲಸ ಹಚ್ಚಿ ಹೋಗುತ್ತಾನೆ. ಸಂಜೆಯೋ, ನಡುರಾತ್ರಿಯೋ, ಕೋಳಿ ಕೂಗುವಾಗಲೋ, ಬೆಳಿಗ್ಗೆಯೋ ಬಂದಾನು. ಅದು ರೋಮನ್ನರು ರಾತ್ರಿಯನ್ನು ಹಂಚಿಕೊಂಡಿದ್ದ ನಾಲ್ಕು ಜಾವ. ಅಂದರೆ ಪಾಳಿ ಪಟ್ಟಿ. ಬಂದಾಗ ಆಳು ಆಕಾಶ ನೋಡುತ್ತಾ ನಿಂತಿರಬೇಕು ಅಂತ ಎಲ್ಲೂ ಇಲ್ಲ. ಹಚ್ಚಿದ ಕೆಲಸ ಮಾಡುತ್ತಿರಬೇಕು.

ಈಗ ಎರಡನೇ ರಾತ್ರಿಯ ವಿಷಯ. ಇದನ್ನು ಬರೆಯಲೋ ಬೇಡವೋ ಅಂತ ತುಂಬಾ ಯೋಚಿಸಿದೆ.

ಮೊದಲಿನ ಘಟನೆಯಾಗಿ ವರ್ಷದ ಮೇಲಾಗಿತ್ತು. ಒಬ್ಬರು ಅಜ್ಜಿ ಇದ್ದರು. ಇನ್ನು ಟ್ಯೂಬ್ ಬೇಡ, ಶಾಕ್ ಬೇಡ ಅಂತ ಅವರೂ ಮನೆಯವರೂ ಮೊದಲೇ ತೀರ್ಮಾನಿಸಿದ್ದರು. ಹಾಗಾಗಿ ಆ ಬೆಡ್ಡಿಗೆ ಕೆಂಪು ಗಾಡಿಯ ಕೆಲಸ ಇರಲಿಲ್ಲ. ಮಗ ಹೊರಟಿದ್ದರು, ಇನ್ನೂ ತಲುಪಿರಲಿಲ್ಲ. ಮಾಸ್ಕಿನೊಳಗಿನಿಂದ ಅಜ್ಜಿ ಕೇಳಿದರು, "ನೀನು ನಮ್ಮವಳೇ ಅಲ್ವೇನಮ್ಮಾ? ಏನಾದ್ರೂ ಹೇಳು." ನನ್ನ ಕತ್ತಿನ ಶಿಲುಬೆ ನೋಡಿದ್ದರು ಅಂತ ಕಾಣುತ್ತದೆ.

ಕೈ ಹಿಡಿದುಕೊಂಡೆ. ಪ್ರಾರ್ಥನೆ ಮಾಡಲು ಬಾಯಿ ತೆರೆದೆ. ಬಾಗಿಲ ಹತ್ತಿರ ಹೇಳುವ ಆ ಮಾತುಗಳೆಲ್ಲ ನಾಲಿಗೆಗೆ ಬಂದವು, ಒಂದೂ ಹೇಳುವ ಹಾಗಿರಲಿಲ್ಲ. ಕೊನೆಗೆ ಬಂದದ್ದು ನನ್ನ ಸ್ವಂತ ಅಜ್ಜಿ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದ 23ನೇ ಕೀರ್ತನೆ. ಅದರಲ್ಲಿ ಇರುವುದು ಆರೇ ವಚನ. "ಯೆಹೋವನು ನನಗೆ ಕುರುಬನು, ಕೊರತೆಪಡೆನು" ಅಂತ ಶುರು ಮಾಡಿದೆ. ಹಸಿರು ಹುಲ್ಲುಗಾವಲು ಆಯಿತು, ನೀರು ಆಯಿತು, ಕಾರ್ಗತ್ತಲಿನ ಕಣಿವೆ ದಾಟಿದೆ, ಕೋಲಿನ ಹತ್ತಿರ ಬಂದೆ. ಅಲ್ಲಿ ನಿಂತೆ. ಐದನೇ ವಚನ ಮರೆತುಹೋಗಿತ್ತು. ಚಿಕ್ಕಂದಿನಲ್ಲಿ ನಿದ್ದೆಗಣ್ಣಲ್ಲೂ ಹೇಳುತ್ತಿದ್ದದ್ದು!

ನಾನು ತಡವರಿಸುತ್ತಿದ್ದೆ. ಆಗ ಮಾಸ್ಕಿನೊಳಗಿಂದ ಸಣ್ಣ ದನಿ ಬಂತು. ಒಂದೊಂದು ಪದಕ್ಕೂ ಒಂದು ಉಸಿರು. ವೈರಿಗಳ ಕಣ್ಣೆದುರಿಗೆ ಔತಣ ಸಿದ್ಧಮಾಡುವ ಮಾತು, ತಲೆಗೆ ಎಣ್ಣೆ ಹಚ್ಚುವ ಮಾತು, ತುಂಬಿ ಹೊರಸೂಸುವ ಪಾತ್ರೆಯ ಮಾತು. ಆರನೇ ವಚನವನ್ನೂ ಅವರೇ ಮುಗಿಸಿದರು. ಸಮಾಧಾನ ಹೇಳಲು ಹೋದವಳು ನಾನು, ಹೇಳಿಕೊಟ್ಟವರು ಅವರು. ಕಣ್ಣಿನಲ್ಲೇ ಸ್ವಲ್ಪ ನಕ್ಕರು ಅಂತ ನನಗೆ ಅನ್ನಿಸಿತು. ಮಾಸ್ಕ್ ಇದ್ದದ್ದರಿಂದ ಖಚಿತವಾಗಿ ಹೇಳಲಾರೆ.

ಮಗ ಐದು ಗಂಟೆಗೆ ಬಂದರು. ಅಜ್ಜಿ ಆರಕ್ಕೆ ಹೋದರು.

ಪಾಳಿ ಬಿಡುವ ಮುಂಚೆ ಗಾಡಿಯ ಹತ್ತಿರ ಹೋದೆ. ಬ್ಲೇಡ್ ಸಿಕ್ಕಿಸಿ ಎತ್ತಿದೆ, ಹತ್ತಿತು. ಬಿಳಿ ಬೆಳಕು. ಎರಡನೇ ಬ್ಲೇಡನ್ನೂ ನೋಡಿದೆ. ಹಿಡಿ ಬಿಚ್ಚಿ ಬ್ಯಾಟರಿ ನೋಡಿ ಮುಚ್ಚಿದೆ. ಆಮೇಲೆ ಟಿಕ್ ಹಾಕಿದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಫೋನಿನಲ್ಲಿ ಬೈಬಲ್ ತೆಗೆದು, ಐದನೇ ವಚನದಿಂದ ಬಾಯಿಪಾಠ ಶುರು ಮಾಡಿದೆ.