180 ದಿನ

ನೀರ್ಚಾಲಿನ ಮನೆಯಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದೆವು. ಪರ್ತ್‌ನಿಂದ ಚಿಕ್ಕಮ್ಮನ ಮಗನ ಫೋನು. ಆಸ್ಟ್ರೇಲಿಯಾದಲ್ಲಿ ಕೆಲಸ ಕೊಡುವವರೇ ಸ್ಪಾನ್ಸರ್ ಆಗುವ 482 ವೀಸಾದಲ್ಲಿ ಅವನನ್ನು ಕರೆಸಿಕೊಂಡ ವರ್ಕ್‌ಶಾಪು ಕೆಲಸದಿಂದ ತೆಗೆದಿದೆ. "180 ದಿನ ಉಂಟಣ್ಣ, ಅಷ್ಟರೊಳಗೆ ಬೇರೆ ಸ್ಪಾನ್ಸರ್ ಹುಡುಕಬೇಕು."

2024ರ ಜುಲೈಗೆ ಮೊದಲು ಇದು ಬರೀ 60 ದಿನ. ಈಗ ಈ ಗಡುವಿನಲ್ಲಿ ಬೇರೆ ಕಡೆ ದುಡಿಯಲಿಕ್ಕೂ ಆಸ್ಟ್ರೇಲಿಯಾ ಬಿಡುತ್ತದೆ. ಪರವಾಗಿಲ್ಲ ಅನ್ನಿಸಿತು. (ಹೇಳುವುದು ಸುಲಭ, ಬಾಡಿಗೆ ಕಟ್ಟುವವನು ನಾನಲ್ಲವಲ್ಲ.)

ಇಪ್ಪತ್ತು ವರ್ಷ ಗಲ್ಫಿನಲ್ಲಿದ್ದ ಮಾವ ನಕ್ಕರು: "ನನ್ನ ಪಾಸ್‌ಪೋರ್ಟೇ ಕಫೀಲನ, ಅಂದರೆ ಅಲ್ಲಿಯ ಸ್ಪಾನ್ಸರನ, ಕಪಾಟಿನಲ್ಲಿತ್ತು ಮಾರಾಯ. ಇವನ ಕೈಯಲ್ಲಾದರೂ ಉಂಟಲ್ಲ."

ಚಿಕ್ಕಮ್ಮ ಏನೂ ಹೇಳಲಿಲ್ಲ. ಆಮೇಲೆ ನೋಡಿದರೆ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ, ಪೆನ್ಸಿಲಿನಲ್ಲಿ ಸಣ್ಣ ಸಣ್ಣ ಗೀಟು. ಇವತ್ತಿಗೆ ಹನ್ನೊಂದು.